ಮೇಜಿನ ಮೇಲಿಡೋ ಆರ್ಕೇಡ್ ಪೆಟ್ಟಿಗೆ: 18 ಮಿ.ಮೀ. ಹಲಗೆಯಲ್ಲಿ ಜಾಯ್‌ಸ್ಟಿಕ್ ಮುಳುಗಿಹೋಯ್ತು, ಏನು ಮಾಡಲಿ?

ಲೆಕ್ಕದ_ಪುಸ್ತಕ:

ಎಲ್ಲರಿಗೂ ನಮಸ್ಕಾರ. ನಾನು ಲೆಕ್ಕ ಬರೆಯೋ ಕೆಲಸದವನು. ಗರಗಸ ಹಿಡಿದದ್ದು ಇದೇ ಮೊದಲು, ಅದು ಮುಂದೆ ಓದ್ತಾ ನಿಮಗೇ ಗೊತ್ತಾಗುತ್ತೆ.

ಆಸೆ ಇಷ್ಟೇ. ಹಿಂದೆ ಅಂಗಡಿಗಳಲ್ಲಿ ಕಾಸು ಹಾಕಿ ಆಡ್ತಿದ್ದ ಆರ್ಕೇಡ್ ವಿಡಿಯೋ ಗೇಮ್ ಯಂತ್ರದ ಥರ, ಮೇಜಿನ ಮೇಲೆ ಕೂರೋ ಒಂದೇ ಪೆಟ್ಟಿಗೆ. ಅದರಲ್ಲಿ ಪ್ಯಾಕ್‌ಮ್ಯಾನ್, ಡಾಂಕಿ ಕಾಂಗ್, ಸ್ಟ್ರೀಟ್ ಫೈಟರ್ 2, ಜೊತೆಗೆ ಟಿವಿಗೆ ಹಾಕಿ ಆಡೋ ಹಳೇ ಯಂತ್ರಗಳಾದ ಸೂಪರ್ ನಿಂಟೆಂಡೊ, ಮೆಗಾ ಡ್ರೈವ್, ಮೊದಲ ಪ್ಲೇಸ್ಟೇಷನ್‌ಗಳ ಆಟಗಳು. ಸಾಧ್ಯ ಆದರೆ ನಿಂಟೆಂಡೊ 64 ಕೂಡ. ನಾನೂ ಒಂಬತ್ತು ವರ್ಷದ ಮಗಳೂ ಪಕ್ಕಪಕ್ಕ ಕೂತು ಆಡಬೇಕು. ಕೈಯಲ್ಲಿರೋದು: ರಾಸ್ಪ್‌ಬೆರಿ ಪೈ 4 (ಅಂಗೈಯಗಲದ ಕಂಪ್ಯೂಟರ್), ಅಟ್ಟದಿಂದ ಇಳಿಸಿದ 17 ಇಂಚಿನ ಮಾನಿಟರ್ (1280×1024, ಹಳೇ ವಿಜಿಎ ಕಿಂಡಿ ಮಾತ್ರ), ಎರಡು ಜಾಯ್‌ಸ್ಟಿಕ್, ಒತ್ತಿದರೆ ಕಚ್ಚಿಕೊಳ್ಳೋ ಜಾತಿಯ 30 ಮಿ.ಮೀ. ಬಟನ್ ಇಪ್ಪತ್ತು, ಒಂದೇ ಥರದ ಎರಡು ಯುಎಸ್‌ಬಿ ಎನ್‌ಕೋಡರ್ ಬೋರ್ಡು (ಕೋಲು, ಬಟನ್ ಒತ್ತಿದ್ದನ್ನ ಕಂಪ್ಯೂಟರಿಗೆ ತಿಳಿಸೋವು).

ಗಟ್ಟಿಮುಟ್ಟಾಗಿರಲಿ ಅಂತ 18 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತಂದು ಎರಡು ಪಕ್ಕದ ಹಲಗೆ ಮತ್ತು ಕಂಟ್ರೋಲ್ ಪ್ಯಾನೆಲ್ ಕತ್ತರಿಸಿಬಿಟ್ಟೆ. ಜಾಯ್‌ಸ್ಟಿಕ್ ಕೂರಿಸಿ ನೋಡಿದರೆ ಕೆಸರಲ್ಲಿ ಹೂತ ಗೂಟದ ಹಾಗೆ ಗುಂಡು ಮಾತ್ರ ಮೇಲಿದೆ, ಎರಡು ಬೆರಳಲ್ಲಿ ಹಿಡಿಯೋದೂ ಕಷ್ಟ. ಬಟನ್‌ಗಳು ತೂತಿಗೆ ಇಳಿಯುತ್ತವೆ, ಕಚ್ಚೋದಿಲ್ಲ, ಪೆಟ್ಟಿಗೆ ಮಗುಚಿದರೆ ಉದುರುತ್ತವೆ.

ಜೊತೆಗೆ ಮೂರು ಪ್ರಶ್ನೆ. ಮಾನಿಟರ್ ಅಡ್ಡ ಹಾಕಲೋ, ನಿಲ್ಲಿಸಿ ಹಾಕಲೋ? ಒಬ್ಬೊಬ್ಬರಿಗೆ ಆರು ಬಟನ್ ಸಾಕೋ, ಪ್ಲೇಸ್ಟೇಷನ್‌ಗೆ ಎಂಟು ಬೇಕೋ? ಮತ್ತೆ, ಕೆಲವು ಸಲ ಆನ್ ಮಾಡಿದಾಗ ಒಂದನೇ ಆಟಗಾರ ಎರಡನೆಯವನಾಗಿಬಿಡ್ತಾನೆ. ನನ್ನ ಕೋಲು ಅಲ್ಲಾಡಿಸಿದರೆ ಮಗಳ ಗೊಂಬೆ ಓಡುತ್ತೆ. ಅವಳು ಇದನ್ನ ನನ್ನ ಸೋಲಿನ ನೆಪ ಅಂತಾಳೆ. ನೆಪ ಅಲ್ಲ ಅಂತ ಯಾರಾದರೂ ಬರೆದುಕೊಟ್ಟರೆ ತೋರಿಸ್ತೀನಿ.

ಹೊಟ್ಟು_ಮೈತುಂಬ:

ಸಾರ್, ಹಲಗೆ ಎಸೀಬೇಡಿ. ನನ್ನ ಮೊದಲನೇ ಪೆಟ್ಟಿಗೆಯೂ 18ರದ್ದೇ. ಎಂಡಿಎಫ್ 12 ಮಿ.ಮೀ. ಆದರೆ ಒಂದು ಚದರ ಮೀಟರಿಗೆ ಸುಮಾರು 9 ಕಿಲೋ, 18 ಆದರೆ ಹದಿಮೂರು ಹದಿನಾಲ್ಕು. ನಾನು ಎರಡು ಚದರ ಮೀಟರ್ ಮುಗಿಸಿದ್ದೆ. ಅದು ಆಮೇಲೆ ಮೇಜು ಬಿಟ್ಟು ಕದಲಲಿಲ್ಲ, ಕೊನೆಗೆ ಅದನ್ನ ಬಿಟ್ಟೇ ಮನೆ ಖಾಲಿ ಮಾಡಿದೆ. ಪಕ್ಕದ ಹಲಗೆ 18 ಇದ್ದರೆ ಇರಲಿ. ಹಿಂದಿನದು, ಮೇಲಿನದು, ತಳ 12ರಲ್ಲಿ ಮಾಡಿ.

ಪ್ಯಾನೆಲ್ ವಿಷಯ. ಈ ಕೋಲುಗಳನ್ನ ಮಾಡಿರೋದೇ ತೆಳು ಲೋಹದ ತಗಡಿಗೆ, ನಿಮ್ಮ ಬಟನ್‌ಗಳೂ ಹಾಗೇ. ಅವುಗಳ ಪಕ್ಕದ ರೆಕ್ಕೆ ಮೂರು ನಾಲ್ಕು ಮಿ.ಮೀ. ದಪ್ಪದ ಅಂಚನ್ನಷ್ಟೇ ಕಚ್ಚುತ್ತವೆ. ದಾರಿ ಎರಡು. ಒಂದು, ರೂಟರ್ (ಮರ ಕೆರೆಯೋ ಯಂತ್ರ) ಇದ್ದರೆ ಕೋಲಿನ ಜಾಗದಲ್ಲಿ ಕೆಳಗಿನಿಂದ 10–12 ಮಿ.ಮೀ. ಕೆರೆದು ತೆಗೆದು 6–8 ಮಾತ್ರ ಉಳಿಸಿ, ಬಟನ್‌ಗಳನ್ನ ನಟ್ ಹಾಕಿ ಬಿಗಿಯೋ ಜಾತಿಗೆ ಬದಲಾಯಿಸಿ. ಕೆರೆದ ಜಾಗಕ್ಕೆ ಹಳೇ ಸ್ಕ್ರೂ ಹಾಕಬೇಡಿ, ಉದ್ದ ಆಗಿ ಮೇಲೆ ತಲೆ ಎತ್ತುತ್ತವೆ (ನನ್ನ ಎರಡನೇ ಪೆಟ್ಟಿಗೆಯಲ್ಲಿ ಒಂದು ಸ್ಕ್ರೂ ಮೊನೆ ಇವತ್ತಿಗೂ ಮಣಿಕಟ್ಟಿಗೆ ತಾಗುತ್ತೆ). ಎರಡು, ರೂಟರ್ ಇಲ್ಲದಿದ್ದರೆ 18ರ ಹಲಗೆಯಲ್ಲಿ ಕಿಟಕಿಯ ಹಾಗೆ ದೊಡ್ಡ ಚೌಕ ಕೊರೆದು ಅದರ ಮೇಲೆ 3 ಮಿ.ಮೀ. ಅಲ್ಯುಮಿನಿಯಂ ತಗಡು ಕೂರಿಸಿ. ನಾನಾದರೆ ಇದನ್ನೇ ಮಾಡ್ತೀನಿ. ಕೋಲು ಸರಿಯಾದ ಎತ್ತರಕ್ಕೆ ಬರುತ್ತೆ, ಇರೋ ಬಟನ್‌ಗಳೇ ಕಚ್ಚುತ್ತವೆ, ನಾಳೆ ಜೋಡಣೆ ಬೇಡ ಅನ್ನಿಸಿದರೆ ತಗಡೊಂದನ್ನ ಬದಲಾಯಿಸಿದರೆ ಆಯ್ತು.

ಆದರೆ ತಗಡು ಕೊರೆಯೋಕೆ ಮುಂಚೆ ಒಂದು ಕೆಲಸ ಮಾಡಿ. ರಟ್ಟಿನ ಡಬ್ಬ ತಗೊಂಡು ಅದಕ್ಕೆ ತೂತು ಮಾಡಿ ಕೋಲು, ಬಟನ್ ಎಲ್ಲ ಕೂರಿಸಿ ಒಂದು ವಾರ ಆಡಿ. ಕೋಲಿಗೂ ಮೊದಲ ಬಟನ್‌ಗೂ ಎಷ್ಟು ದೂರ, ಆರು ಬಟನ್ ಎಷ್ಟು ಬಾಗಿರಬೇಕು, ಮಣಿಕಟ್ಟು ಎಲ್ಲಿ ಊರುತ್ತೆ, ಇವನ್ನ ಯಾವ ನಕ್ಷೆಯೂ ಹೇಳಲ್ಲ. ನಿಮ್ಮ ಮಗಳ ಕೈ ನಿಮ್ಮ ಕೈಯಷ್ಟಿಲ್ಲ, ಅವಳ ಕಡೆಯ ಬಟನ್‌ಗಳು ಕೋಲಿಗೆ ಇನ್ನೊಂದು ಚೂರು ಹತ್ತಿರ ಬರಬೇಕಾಗಬಹುದು. ಅಗಲವನ್ನೂ ಅಲ್ಲೇ ಅಳೆಯಿರಿ. 17 ಇಂಚಿನ ಪರದೆಯ ಅಗಲ 34 ಸೆಂ.ಮೀ. ಕೂಡ ಇಲ್ಲ, ಅದಕ್ಕೆ ತಕ್ಕ ಪೆಟ್ಟಿಗೆ ಮಾಡಿ ಅದರ ಮುಂದೆ ಇಬ್ಬರು ಕೂತರೆ ಭುಜಕ್ಕೆ ಭುಜ ಒರೆಯುತ್ತೆ. ಪ್ಯಾನೆಲ್ 60 ಸೆಂ.ಮೀ. ಮಾಡಿ, ಪೆಟ್ಟಿಗೆಯಿಂದ ಎರಡೂ ಕಡೆ ಹೊರಗೆ ಚಾಚಿಕೊಂಡಿರಲಿ. ನೋಡೋಕೆ ಸ್ವಲ್ಪ ಸುತ್ತಿಗೆ ಮೀನಿನ ಹಾಗಿರುತ್ತೆ, ಇರಲಿ ಬಿಡಿ.

ಈಗ ನೀವು ಕೇಳದೇ ಇರೋದು. ನಿಮ್ಮ ತಲೆನೋವಿಗೆಲ್ಲ ಮೂಲ "ಒಂದೇ ಪ್ಯಾನೆಲ್‌ನಲ್ಲಿ ಎಲ್ಲ ಯಂತ್ರ" ಅನ್ನೋ ಆಸೆ. ಸ್ಟ್ರೀಟ್ ಫೈಟರ್ 2 (1991) ಆರು ಬಟನ್ ಕೇಳುತ್ತೆ. ಸೂಪರ್ ನಿಂಟೆಂಡೊದ ನಾಲ್ಕು ಬಟನ್ ಮತ್ತು ಎರಡು ಭುಜದ ಬಟನ್ ಅದೇ ಆರರಲ್ಲಿ ಕೂರುತ್ತವೆ, ಮೆಗಾ ಡ್ರೈವ್ ಮೂರೋ ಆರೋ. ಪ್ಲೇಸ್ಟೇಷನ್‌ಗೆ ಎಂಟು ಹೌದು, ಆದರೆ ಅದರ ಆಟಗಳನ್ನ ಕೋಲಿನಲ್ಲಿ ಆಡಿ ನೋಡಿದ್ದೀರಾ? ನಾನು ಎಂಟು ಬಟನ್ ಹಾಕಿಸಿದೆ. ಕೊನೆಯ ಎರಡರ ಮೇಲೆ ಈಗ ದೂಳು ಕೂತಿದೆ. ನಿಂಟೆಂಡೊ 64 ಅಂತೂ ಹುಟ್ಟಿದ್ದೇ ಅನಲಾಗ್ ಕೋಲಿಗೆ, ಆರ್ಕೇಡ್ ಕೋಲಿನಲ್ಲಿ ನಡೆಯೋದು ಓಡೋದು ಎರಡೇ ಇರುತ್ತೆ, ನಡುವೆ ಏನೂ ಇಲ್ಲ. ಅದಕ್ಕೇ ಹೇಳೋದು, ಪ್ಯಾನೆಲ್‌ಗೆ ಆರು ಬಟನ್. ಮುಂದಿನ ಅಂಚಿನಲ್ಲಿ ಎರಡು ಯುಎಸ್‌ಬಿ ಕಿಂಡಿ ಬಿಡಿ. ಪ್ಲೇಸ್ಟೇಷನ್ ಬೇಕಾದಾಗ ಗೇಮ್‌ಪ್ಯಾಡ್ ಚುಚ್ಚಿಕೊಳ್ಳಿ. ಆ ಎರಡು ಕಿಂಡಿಯಷ್ಟು ಕೆಲಸಕ್ಕೆ ಬಂದದ್ದು ನನ್ನ ಮೂರು ಪೆಟ್ಟಿಗೆಯಲ್ಲಿ ಬೇರೆ ಯಾವುದೂ ಇಲ್ಲ.

ಇನ್ನು ಪ್ಯಾಕ್‌ಮ್ಯಾನ್ (1980), ಡಾಂಕಿ ಕಾಂಗ್ (1981) ಮೂಲದಲ್ಲಿ ನಾಲ್ಕೇ ದಿಕ್ಕಿನ ಕೋಲಿನವು. ಎಂಟು ದಿಕ್ಕಿನ ಕೋಲಿನಲ್ಲಿ ಮೂಲೆಗೆ ಸ್ವಲ್ಪ ಜಾರಿದರೂ ಪ್ಯಾಕ್‌ಮ್ಯಾನ್ ತಿರುವು ತಪ್ಪಿಸ್ತಾನೆ, ದೆವ್ವ ಬಂದು ಹಿಡಿಯುತ್ತೆ. ನಿಮ್ಮ ಕೋಲಿನ ಕೆಳಗೆ ಚೌಕ ಕಿಂಡಿಯ ಪ್ಲಾಸ್ಟಿಕ್ ತಟ್ಟೆ ಇದೆಯಾ ನೋಡಿ. ಕೆಲವು ಮಾದರಿಗಳಲ್ಲಿ ಅದನ್ನ ಬಿಚ್ಚಿ 45 ಡಿಗ್ರಿ ತಿರುಗಿಸಿ ಹಾಕಿದರೆ ನಾಲ್ಕು ದಿಕ್ಕಿನದಾಗುತ್ತೆ.

ಕೊನೆಗೆ ಮರದ ಮಾತು ಎರಡು. ಎಂಡಿಎಫ್ ಅಂಚಿಗೆ ನೇರ ಸ್ಕ್ರೂ ಹೊಡೆದರೆ ಪುಸ್ತಕದ ಹಾಗೆ ಬಿಚ್ಚಿಕೊಳ್ಳುತ್ತೆ, ಒಳಮೂಲೆಗೆ ಮರದ ರೀಪು ಅಂಟಿಸಿ ಅದಕ್ಕೆ ಸ್ಕ್ರೂ ಹಾಕಿ. ಕತ್ತರಿಸಿದ ಅಂಚು ಬಣ್ಣ ಕುಡೀತಾನೇ ಇರುತ್ತೆ, ಮೊದಲು ನೀರು ಬೆರೆಸಿದ ಮರದ ಅಂಟು ಬಳಿದು ಒಣಗಿಸಿ ಉಜ್ಜಿ. ಮೂಗಿಗೆ ಮಾಸ್ಕ್ ಕಡ್ಡಾಯ, ಆ ಪುಡಿ ಒಳ್ಳೇದಲ್ಲ.

ನೆಟ್ಟಗೆ_ನಿಲ್ಲಿಸಿ:

ಮಾನಿಟರ್ ನಿಲ್ಲಿಸೇ ಹಾಕಿ ಅಂತ ನನ್ನ ಮತ. ಪ್ಯಾಕ್‌ಮ್ಯಾನ್ 224×288 ಚುಕ್ಕಿಯದು, ಗ್ಯಾಲಗ ಆಟ ಕೂಡ ಉದ್ದದ ಪರದೆಯದು. ಅಡ್ಡ ಪರದೆಯಲ್ಲಿ ಇವನ್ನ ಆಡೋದು ಕಿಟಕಿ ಸಂದಿಯಿಂದ ಜಾತ್ರೆ ನೋಡಿದ ಹಾಗೆ.

ಹೊಟ್ಟು_ಮೈತುಂಬ:

ಒಬ್ಬರೇ ಆಡೋದಾದರೆ ನಿಮ್ಮ ಮಾತಿಗೆ ಜೈ. ಇವರದು ಇಬ್ಬರ ಪೆಟ್ಟಿಗೆ, ಅರ್ಧ ಆಟಗಳು ಟಿವಿಗೆ ಮಾಡಿದವು. ಇನ್ನೊಂದು ತೊಡಕಿದೆ. ಇಂಥ ಹಳೇ ಮಾನಿಟರ್ ಬಹುಪಾಲು ಟಿಎನ್ ಅನ್ನೋ ಜಾತಿಯ ಪರದೆಯವು, ಕೆಳಗಿನಿಂದ ನೋಡಿದರೆ ಕಪ್ಪಾಗುತ್ತವೆ, ಮೇಲಿನಿಂದ ಬಿಳುಚಿಕೊಳ್ಳುತ್ತವೆ. ನಿಲ್ಲಿಸಿದರೆ ಆ ಕೆಟ್ಟ ಕಡೆ ಎಡಕ್ಕೋ ಬಲಕ್ಕೋ ಬರುತ್ತೆ. ಪಕ್ಕಪಕ್ಕ ಕೂತ ಇಬ್ಬರಲ್ಲಿ ಒಬ್ಬರಿಗೆ ಆಟ ಅಮಾವಾಸ್ಯೆ.

ಅದೂ ಅಲ್ಲದೆ ಇದು 5:4 ಪರದೆ, ಅಗಲದ ಟಿವಿ ಅಲ್ಲ. ಸ್ಟ್ರೀಟ್ ಫೈಟರ್ 4:3ರಲ್ಲಿ ಹಾಕಿದರೆ ಮೇಲೆ ಕೆಳಗೆ ಎಂಟೆಂಟು ಮಿ.ಮೀ. ಕಪ್ಪು ಪಟ್ಟಿ, ಅಷ್ಟೇ. ಪ್ಯಾಕ್‌ಮ್ಯಾನ್‌ಗೂ ಸುಮಾರು 27 ಸೆಂ.ಮೀ. ಎತ್ತರ, 20 ಅಗಲ ಸಿಗುತ್ತೆ. ಸಂದಿ ಅನ್ನೋಷ್ಟು ಬಡತನ ಇಲ್ಲ.

ಲೆಕ್ಕದವರೇ, ಪಕ್ಕದ ಹಲಗೆ ಈಗಾಗಲೇ ಕತ್ತರಿಸಿದ್ದೀರಿ ಅಂದಿರಲ್ಲ, ಪರದೆಯ ವಾಲು ಎಲ್ಲಿಂದ ತಗೊಂಡಿರಿ? ಮಾನಿಟರನ್ನ ಪುಸ್ತಕಕ್ಕೆ ಒರಗಿಸಿ, ನಿಜವಾಗಿ ಕೂರೋ ಕುರ್ಚಿಯಲ್ಲೇ ಕೂತು, ಬಣ್ಣ ಸರಿ ಕಾಣೋ ಕೋನ ಹುಡುಕಿ. ಮಗಳನ್ನೂ ಕೂರಿಸಿ ನೋಡಿ, ಅವಳ ಕಣ್ಣಿನ ಎತ್ತರ ಬೇರೆ.

ಬೆಸುಗೆ_ಹೊಗೆ:

ವೈರಿನ ಕಡೆ ನಾನು ಹೇಳ್ತೀನಿ.

ಆಟಗಾರರು ಅದಲುಬದಲಾಗೋದು ನೆಪ ಅಲ್ಲ, ಮಗಳಿಗೆ ತೋರಿಸಿ. ಎರಡು ಎನ್‌ಕೋಡರ್‌ಗೂ ಒಂದೇ ಹೆಸರು. ಪೈ ಏಳುವಾಗ ಯಾವುದು ಮೊದಲು ಕಣ್ಣಿಗೆ ಬಿತ್ತೋ ಅದು ಒಂದನೇದು. ಯಾವ ಯುಎಸ್‌ಬಿ ಕಿಂಡಿಯದು ಯಾರು ಅಂತ ಪೈಯ ಲಿನಕ್ಸ್‌ನಲ್ಲಿ ಯುಡೆವ್ ನಿಯಮ (ಯಾವ ಸಾಧನಕ್ಕೆ ಯಾವ ಹೆಸರು ಅಂತ ಹೇಳೋ ಸಾಲು) ಬರೆದು ಕಟ್ಟಿಹಾಕಬಹುದು. ಆ ತಂಟೆ ಬೇಡ ಅಂದರೆ ಇಬ್ಬರಿಗೂ ಒಂದೇ ಬೋರ್ಡು ಇರೋ ಕೀಬೋರ್ಡ್ ಎನ್‌ಕೋಡರ್ ತಗೊಳ್ಳಿ, ಐ-ಪ್ಯಾಕ್ ಥರದ್ದು. ಅದರಲ್ಲಿ ಪ್ರತಿ ಬಟನ್ ಕೀಬೋರ್ಡಿನ ಒಂದೊಂದು ಕೀ ಇದ್ದ ಹಾಗೆ, ಅದಲುಬದಲಾಗೋ ಮಾತೇ ಇಲ್ಲ.

ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಬೇಕು. ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಕಂಡರೆ ವೋಲ್ಟೇಜ್ ಸಾಲ್ತಾ ಇಲ್ಲ ಅಂತ, ಆಟ ತೊದಲೋಕೆ ಶುರು ಆಗುತ್ತೆ. ವಿಜಿಎಗೆ ಬರೀ ಕೇಬಲ್ ನಡೆಯಲ್ಲ, ಒಳಗೆ ಚಿಪ್ ಇರೋ ಪರಿವರ್ತಕ ಬೇಕು. ಸ್ಪೀಕರಿಗೆ ಚಿಕ್ಕ ಆಂಪ್ಲಿಫೈಯರ್ ಹಾಕಿ ಅದಕ್ಕೆ ಪೈಯಿಂದಲೇ 5 ವೋಲ್ಟ್ ಕೊಟ್ಟರೆ ಗುಂಯ್ ಅನ್ನುತ್ತೆ, ಬೇರೆ ಅಡಾಪ್ಟರ್ ಕೊಡಿ. ಮಾನಿಟರಿನ ಚೌಕಟ್ಟು ಬಿಚ್ಚಿದರೂ ಒಳಗಿನ ಪವರ್ ಬೋರ್ಡಿನ ಲೋಹದ ಹೊದಿಕೆ ತೆಗೀಬೇಡಿ. ಪ್ಲಗ್ ಕಿತ್ತ ಮೇಲೂ ಅಲ್ಲಿ ಹೊಡೆಯೋಷ್ಟು ಕರೆಂಟ್ ಉಳಿದಿರುತ್ತೆ.

ನೇರ ಸ್ವಿಚ್ ಆರಿಸೋ ಅಭ್ಯಾಸ ಆದರೆ ಮೆಮೊರಿ ಕಾರ್ಡ್ ಒಂದಲ್ಲ ಒಂದು ದಿನ ಕೈ ಕೊಡುತ್ತೆ. ಪೈಯಲ್ಲಿ ಜಿಪಿಐಒ 3 ಅನ್ನೋ ಪಿನ್‌ಗೂ ಗ್ರೌಂಡ್ ಪಿನ್‌ಗೂ ನಡುವೆ ಒಂದು ಬಟನ್ ಹಾಕಿ, ಕಾನ್ಫಿಗ್ ಕಡತದಲ್ಲಿ ಶಟ್‌ಡೌನ್ ಸಾಲು ಸೇರಿಸಿ. ಅದೇ ಬಟನ್ ಮಲಗಿಸುತ್ತೆ, ಅದೇ ಎಬ್ಬಿಸುತ್ತೆ.

ಮೇಮ್ (ಹಳೇ ಆರ್ಕೇಡ್ ಆಟ ಓಡಿಸೋ ತಂತ್ರಾಂಶ) ಹಾಕಿದಾಗ ಆಟ ಕಪ್ಪು ಪರದೆ ತೋರಿಸಿ ವಾಪಸ್ ಬಂದರೆ ಪೈ ಕೆಟ್ಟಿದೆ ಅಂದುಕೋಬೇಡಿ. ಮೇಮ್ 2003 ಅನ್ನೋ ಕೋರ್ (ಅದರ ಒಂದು ರೂಪ) ಮೇಮ್ 0.78 ಆವೃತ್ತಿಯ ಆಟದ ಕಡತಗಳನ್ನೇ ಕೇಳುತ್ತೆ, ಬೇರೆ ಕೋರ್‌ಗೆ ಬೇರೆ. ಆಟದ ಕಡತ ಎಲ್ಲಿ ಸಿಗುತ್ತೆ ಅಂತ ಇಲ್ಲಿ ಕೇಳಬೇಡಿ, ಹೆಚ್ಚಿನವಕ್ಕೆ ಹಕ್ಕುದಾರರಿದ್ದಾರೆ. ಹಕ್ಕುದಾರರೇ ಬಿಟ್ಟುಕೊಟ್ಟ ಕೆಲವು ಮೇಮ್‌ನವರ ಸ್ವಂತ ತಾಣದಲ್ಲಿವೆ, ಪರೀಕ್ಷೆಗೆ ಅವು ಸಾಕು.

ಲೆಕ್ಕದ_ಪುಸ್ತಕ:

ಎರಡು ವಾರ ಆಯ್ತು, ವರದಿ ಒಪ್ಪಿಸ್ತೀನಿ.

ಪರದೆಯ ವಾಲು ಎಲ್ಲಿಂದ ತಗೊಂಡೆ ಅಂತ ಕೇಳಿದಿರಲ್ಲ, ಅಂದಾಜಿನಲ್ಲಿ. ಕುರ್ಚಿಯಲ್ಲಿ ಕೂತು ನೋಡಿದರೆ ಪೂರ್ತಿ ತಪ್ಪು, ಪರದೆ ಬಹಳ ನೆಟ್ಟಗಿತ್ತು, ನನಗೆ ಎಲ್ಲ ಬಿಳುಚಿಕೊಂಡು ಕಾಣ್ತಿತ್ತು. ಪಕ್ಕದ ಹಲಗೆಯ ಒಳಗೆ ರೀಪು ಬೇರೆ ಕೋನದಲ್ಲಿ ಅಂಟಿಸಿ ಹಿಂದಕ್ಕೆ ಒರಗಿಸಿದೆ. ಹೊರಗಿನಿಂದ ಗೊತ್ತಾಗಲ್ಲ. ಪ್ಯಾನೆಲ್‌ಗೆ ಕಿಟಕಿ ಕೊರೆದು ತಗಡು ಹಾಕಿದ್ದಾಯ್ತು, ಕೋಲು ಈಗ ಕೋಲಿನ ಹಾಗಿದೆ. ನಿಂಟೆಂಡೊ 64 ಆಸೆ ಕೈಬಿಟ್ಟೆ. ಯುಡೆವ್ ನಿಯಮ ಬರೆಯೋಕೆ ಒಂದು ಇಡೀ ಸಂಜೆ ಹಿಡೀತು, ಆಮೇಲೆ ಅದಲುಬದಲು ಆಗಿಲ್ಲ. ಈಗಲೂ ಸೋಲ್ತಿದ್ದೀನಿ, ಅದು ಬೇರೆ.

ರಟ್ಟಿನ ಡಬ್ಬದಲ್ಲಿ ಒಂದು ವಾರ ಆಡಿ ಅಂದಿರಿ. ಹತ್ತು ದಿನ ಆಡಿದೆವು. ಇದಕ್ಕೇ ಬಣ್ಣ ಬಳಿದರೆ ಸಾಕು, ಮರ ಯಾಕೆ ಅಂತ ಮಗಳು ಕೇಳಿದಳು. ಉತ್ತರ ಹೊಳೀಲಿಲ್ಲ.

ಉಳಿದಿರೋದು ಒಂದೇ. ಆಟದಿಂದ ಹೊರಗೆ ಬರೋಕೆ ಸ್ಟಾರ್ಟ್ ಮತ್ತು ಕಾಯಿನ್ ಒಟ್ಟಿಗೆ ಒತ್ತೋ ಹಾಗಿಟ್ಟಿದ್ದೀನಿ. ಅವಳು ಕಾಯಿನ್ ಹಾಕೋ ಅವಸರದಲ್ಲಿ ಎರಡೂ ಒತ್ತಿಬಿಡ್ತಾಳೆ, ನಾನು ಗೆಲ್ತಾ ಇರೋ ಆಟ ಮಾಯ.

ಹೊಟ್ಟು_ಮೈತುಂಬ:

ಅದಕ್ಕೆ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಚಿಕ್ಕ 24 ಮಿ.ಮೀ. ಬಟನ್ ಬೇರೆ ಹಾಕಿ, ಆಟದಿಂದ ಹೊರಬರೋ ಹಾಟ್‌ಕೀ ಅದಕ್ಕೆ ಕಟ್ಟಿ. ನಿಮ್ಮ ಎಡಗಡೆಗೆ. ಅವಳಿಗೆ ಎಟುಕದ ಕಡೆ.