ಸಹಾಯ ಬೇಕು: ಹಾರ್ಮೋನು ಪಾಠಕ್ಕೊಂದು ಹೋಲಿಕೆ

ನಮಸ್ಕಾರ. ಪಿಯುಸಿ ಮಕ್ಕಳಿಗೆ ಜೀರ್ಣಾಂಗದ ಹಾರ್ಮೋನುಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕಿದೆ. 1902ರಲ್ಲಿ ಇಂಗ್ಲೆಂಡಿನ ಶರೀರವಿಜ್ಞಾನಿಗಳಾದ ಬೇಲಿಸ್ ಮತ್ತು ಸ್ಟಾರ್ಲಿಂಗ್ ನಾಯಿಯ ಕರುಳಿನ ಒಂದು ಭಾಗಕ್ಕೆ ಹೋಗುವ ನರಗಳನ್ನು ಕತ್ತರಿಸಿ, ಅದರೊಳಗೆ ಆಮ್ಲ ಬಿಟ್ಟರು. ಆದರೂ ಮೇದೋಜ್ಜೀರಕ ಗ್ರಂಥಿ ರಸ ಸುರಿಸಿತು! ಸುದ್ದಿ ಒಯ್ದದ್ದು ರಕ್ತ. ರಕ್ತದಲ್ಲಿ ಸುದ್ದಿಯಾಗಿ ಹೋದ ವಸ್ತುವೇ ಸೆಕ್ರೆಟಿನ್ ಎಂಬ ಹಾರ್ಮೋನು. ಇಲ್ಲಿಯವರೆಗೆ ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ.

ತೊಡಕು ಕೊಲೆಸಿಸ್ಟೊಕೈನಿನ್ ಎಂಬ ಇನ್ನೊಂದು ಕರುಳಿನ ಹಾರ್ಮೋನಿನದು (ಹೆಸರು ಹೇಳುವಷ್ಟರಲ್ಲೇ ಅರ್ಧ ತರಗತಿ ನಗುತ್ತದೆ). ಜಿಡ್ಡು ಬಂದೊಡನೆ ಅದು ಪಿತ್ತಕೋಶವನ್ನು ಹಿಂಡಿಸುತ್ತದೆ, ಕಿಣ್ವಗಳನ್ನು ತರಿಸುತ್ತದೆ. ಜೊತೆಗೆ ಜಠರಕ್ಕೆ ‘ನಿಧಾನ’ ಎನ್ನುತ್ತದೆ. ತುಪ್ಪ ಸುರಿದ ಹೋಳಿಗೆ ತಿಂದರೆ ಸಂಜೆಯಾದರೂ ಹಸಿವಾಗದಿರುವುದಕ್ಕೆ ಇದೂ ಒಂದು ಕಾರಣ ಎಂದೆ. ಒಬ್ಬಳು ಕೇಳಿದಳು: “ಒಂದೇ ಹಾರ್ಮೋನು ಒಂದು ಕಡೆ ಹಿಂಡಿ, ಇನ್ನೊಂದು ಕಡೆ ತಡೆಯುವುದು ಹೇಗೆ?” ಗ್ರಾಹಕಗಳ (ಜೀವಕೋಶಗಳಲ್ಲಿ ಹಾರ್ಮೋನನ್ನು ಗುರುತಿಸಿ ಹಿಡಿಯುವ ಅಣುಗಳ) ಉತ್ತರ ಅವಳಿಗೆ ರುಚಿಸಲಿಲ್ಲ. ಅಡುಗೆಮನೆಯದೋ ಹೊಲದ್ದೋ ಒಳ್ಳೆಯ ಹೋಲಿಕೆ ಇದ್ದರೆ ಗುರುವಾರದೊಳಗೆ ತಿಳಿಸುವಿರಾ?