ಗೋಡೆಯ ಮೂಲೆಯಲ್ಲಿ ಸಿಕ್ಕಿಕೊಂಡ ಕಮೋಡ್ ಸೀಟ್: ಬಿಚ್ಚಿದವರು ಅನುಭವ ತಿಳಿಸಿ

ಬಿಜೈಯಿಂದ

ನಮ್ಮದು 11 ವರ್ಷ ಹಳೆಯ ಫ್ಲ್ಯಾಟ್. ಕಮೋಡ್‌ನ ಸೀಟ್ ಕವರ್ ಎಡಕ್ಕೆ ಜಾರುತ್ತಿದೆ. ಬಲಬದಿಯ ನಟ್ ಕೈಗೆ ಸಿಗುತ್ತದೆ. ಎಡಬದಿಯದು ಕಮೋಡ್‌ಗೂ ಗೋಡೆಯ ಮೂಲೆಗೂ ನಡುವೆ ಇದೆ. ಅಲ್ಲಿ ಮೂರು ಬೆರಳು ಮಾತ್ರ ತೂರುತ್ತವೆ. ಬೋಲ್ಟ್ ತುಕ್ಕು ಹಿಡಿದು ನಟ್‌ನೊಂದಿಗೆ ಒಂದಾಗಿದೆ, ಮೇಲಿನಿಂದ ತಿರುಗಿಸಿದರೆ ಎರಡೂ ಒಟ್ಟಿಗೆ ತಿರುಗುತ್ತವೆ. ಅಮ್ಮನಿಗೆ 74 ವರ್ಷ. ಮೊನ್ನೆ ಕುಳಿತುಕೊಳ್ಳುವಾಗ ಸೀಟ್ ಜಾರಿತು, ನಲ್ಲಿ ಹಿಡಿದು ಬಚಾವಾದರು. ಇದನ್ನು ನಾನೇ ಬಿಚ್ಚಬಹುದೇ? ಬದಲಿಗೆ ಯಾವುದನ್ನು ಹಾಕಲಿ?

ಸುರತ್ಕಲ್‌ನಿಂದ

ಯಾರನ್ನು ಕರೆಸಿದರೂ ಪಕ್ಕದಲ್ಲೇ ನಿಂತು ನೋಡಿ. ನಾನು ನಿಲ್ಲದ ತಪ್ಪಿಗೆ ತೆತ್ತದ್ದು 19,350 ರೂಪಾಯಿ. ಕಳೆದ ಆಟಿ ತಿಂಗಳಲ್ಲಿ ಸೀಟ್ ಬದಲಿಸಲು ಪ್ಲಂಬರ್ ಒಬ್ಬರಿಗೆ ಹೇಳಿದ್ದೆ. ಮಳೆಯೆಂದು ಎರಡು ದಿನ ಬರಲಿಲ್ಲ. ಮೂರನೆಯ ದಿನ ಬಂದು ಹಳೆಯದನ್ನು ಚೆನ್ನಾಗಿಯೇ ಬಿಚ್ಚಿದರು. ಹೊಸದನ್ನು ಕೂರಿಸುವಾಗ ಉದ್ದನೆಯ ಪಾನಾ ಹಾಕಿ ಬಿಗಿದರು. ಅಡುಗೆಮನೆಯಲ್ಲಿದ್ದ ನನಗೆ ‘ಟಣ್’ ಎಂದು ಕೇಳಿಸಿತು. ಬೋಲ್ಟ್‌ನ ತೂತಿನಿಂದ ಕೂದಲಿನಷ್ಟು ಸಣ್ಣ ಗೆರೆ. ‘ಇದೇನೂ ಆಗುವುದಿಲ್ಲ’ ಎಂದು 500 ರೂಪಾಯಿ ತೆಗೆದುಕೊಂಡು ಹೋದರು. ಒಂದು ವಾರಕ್ಕೆ ಗೆರೆ ಕೆಳಗಿಳಿದು, ಫ್ಲಶ್ ಮಾಡಿದಾಗಲೆಲ್ಲ ನೆಲಕ್ಕೆ ನೀರು.

ಹೊಸ ಕಮೋಡ್ 11,800. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಲು ಎರಡು ದಿನದ ಕೂಲಿ 2,400. ವೈಟ್ ಸಿಮೆಂಟ್, ಸಿಲಿಕಾನ್, ನೀರಿನ ಪೈಪ್ 650. ಕೀಳುವಾಗ ಎರಡು ಟೈಲ್ಸ್ ಒಡೆದವು, ಅದೇ ಬಣ್ಣ ಎಲ್ಲೂ ಸಿಗದೆ ಆರು ಟೈಲ್ಸ್ ಬದಲಿಸಿದ್ದಕ್ಕೆ 1,550. ಮೊದಲು ಕೊಂಡ ಸೀಟ್ 2,450. ಹೊಸ ಕಮೋಡ್‌ನ ಜತೆಗೇ ಸೀಟ್ ಬಂದದ್ದರಿಂದ ಅದು ಇಂದಿಗೂ ಅಟ್ಟದಲ್ಲಿದೆ. ಅಟ್ಟ ಹತ್ತಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಕಂಕನಾಡಿಯಿಂದ

ನಾನು ಯಾರನ್ನೂ ಕರೆಯಲಿಲ್ಲ. ಮಗಳ ಮದುವೆಯ ಮುಂಚಿನ ರೋಸ್ ಶಾಸ್ತ್ರಕ್ಕೆ ನಾಲ್ಕು ದಿನ ಇತ್ತು, ಮನೆ ತುಂಬ ನೆಂಟರು ಬರುವವರಿದ್ದರು, ಸಿಕ್ಕ ಪ್ಲಂಬರ್‌ಗಳೆಲ್ಲ ‘ಮುಂದಿನ ವಾರ’ ಎಂದರು. ಹ್ಯಾಕ್‌ಸಾ ಗರಗಸದ ಹಿಡಿ ತೆಗೆದು ಬರೀ ಬ್ಲೇಡ್ ಇಟ್ಟುಕೊಂಡೆ. ಹಿಡಿಯುವ ತುದಿಗೆ ಹಳೆಯ ಬನಿಯನ್ ಸುತ್ತಿದೆ. ಕೆಳಗಿನ ನಟ್ ಮುಟ್ಟುವ ಗೋಜಿಗೇ ಹೋಗದೆ, ಮೇಲಿನಿಂದ, ಸೀಟ್‌ನ ಹಿಂಜಿಗೂ (ಕೀಲಿಗೂ) ಪಿಂಗಾಣಿಗೂ ನಡುವಿನ ಸಂದಿಯಲ್ಲಿ ಬೋಲ್ಟ್ ಕುಯ್ದೆ. ಪಿಂಗಾಣಿಗೆ ಗೀರು ಬೀಳದಿರಲು ಕೆಳಗೆ ಹಳೆಯ ಡಬ್ಬಿಯಿಂದ ಕತ್ತರಿಸಿದ ತಗಡಿನ ಚೂರು ಇಟ್ಟಿದ್ದೆ. ಒಂದು ಬೋಲ್ಟ್‌ಗೆ 40 ನಿಮಿಷ, ಎರಡಕ್ಕೆ ಮೂರು ಬ್ಲೇಡ್. ಉಳಿದ ತುಂಡನ್ನು ಕೆಳಕ್ಕೆ ತಳ್ಳಿದೆ, ನಟ್ ಸಮೇತ ಬಿತ್ತು. ಖರ್ಚು 90 ರೂಪಾಯಿ.

ನಾನು ಸೋತದ್ದು ಸೀಟ್ ಕೊಳ್ಳುವಲ್ಲಿ. ಹಂಪನಕಟ್ಟೆಗೆ ಬಸ್ಸಿನಲ್ಲಿ ಮೂರು ಸಲ ಹೋಗಿ ಬಂದೆ. ಮೊದಲನೆಯದು ಮೊಟ್ಟೆಯ ಆಕಾರದ್ದು, ನಮ್ಮ ಕಮೋಡ್‌ನ ಮುಂಭಾಗ ಚಪ್ಪಟೆ. ಎರಡನೆಯದಕ್ಕೆ ಆಕಾರ ಸರಿಯಿತ್ತು, ತೂತುಗಳು ಕೂಡಲಿಲ್ಲ: ನಮ್ಮಲ್ಲಿ ಎರಡು ತೂತುಗಳ ನಡುಮಧ್ಯದ ಅಂತರ 155 ಮಿಲಿಮೀಟರ್, ಅದರಲ್ಲಿ 140. ಮೂರನೆಯ ಸಲ ಹಳೆಯ ಸೀಟನ್ನೇ ಪೇಪರ್‌ನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋದೆ. 3,400 ಕೊಟ್ಟು ಯೂರಿಯಾ ಫಾರ್ಮಾಲ್ಡಿಹೈಡ್ ಎಂಬ ಗಡಸು ಪ್ಲಾಸ್ಟಿಕ್ಕಿನ ಸೀಟ್ ತಂದೆ. ಒಳ್ಳೆ ಗಟ್ಟಿ, ಉಗುರಿಗೆ ಗೀರು ಬೀಳುವುದಿಲ್ಲ. ನಾಲ್ಕು ವರ್ಷವಾಯಿತು, ಇಂದಿಗೂ ಹೊಸದರಂತಿದೆ. ಮಾಮೂಲಿ ಪ್ಲಾಸ್ಟಿಕ್ಕಿನದನ್ನು ಯಾರು ಕೊಟ್ಟರೂ ತರಬೇಡಿ.

ಅಂಬಲಪಾಡಿಯಿಂದ

ಗಟ್ಟಿ ಎಂದು ಹೊಗಳುವವರು ಅದು ಒಡೆಯುವುದನ್ನು ನೋಡಿಲ್ಲ. ನಾವೂ 4,100 ಕೊಟ್ಟು ಅದನ್ನೇ ಹಾಕಿಸಿದ್ದೆವು. ಚೌತಿಯ ದಿನ ಮೊಮ್ಮಗನ ಕೈಯಿಂದ ಹಿತ್ತಾಳೆಯ ಚೊಂಬು ಜಾರಿ ಮುಚ್ಚಳದ ಮೇಲೆ ಬಿತ್ತು. ಮುಚ್ಚಳ ಎರಡು ಹೋಳು. ಆ ವಸ್ತು ಬಾಗುವುದಿಲ್ಲ, ಏಟು ಬಿದ್ದರೆ ಸೀಳುತ್ತದೆ. ಮುಚ್ಚಳ ಮಾತ್ರ ಬೇರೆಯಾಗಿ ಸಿಗುವುದಿಲ್ಲ ಎಂದರು ಅಂಗಡಿಯವರು. ಈಗ 850 ರೂಪಾಯಿಯ ಪಾಲಿಪ್ರೊಪಿಲೀನ್ ಎಂಬ ಮಾಮೂಲಿ ಪ್ಲಾಸ್ಟಿಕ್ಕಿನ ಸೀಟ್ ಇದೆ. ಸ್ವಲ್ಪ ಹಳದಿಯಾಗಿದೆ, ನಿಜ. ಆದರೆ ಚೊಂಬಲ್ಲ, ಬಾಲ್ದಿ ಬಿದ್ದರೂ ತಡೆಯುತ್ತದೆ.

ಇನ್ನೊಂದು ಮಾತು. ಮೆಲ್ಲಗೆ ತಾನೇ ಇಳಿಯುವ ಹೈಡ್ರಾಲಿಕ್ ಸೀಟ್ ವಯಸ್ಸಾದವರ ಮನೆಗೆ ಬೇಡ. ನಮ್ಮ ಮಾವನವರಿಗೆ ಅದು ಇಳಿಯುವವರೆಗೆ ಕಾಯುವ ತಾಳ್ಮೆ ಇರಲಿಲ್ಲ, ಪ್ರತಿ ಸಲ ಕೈಯಿಂದ ಒತ್ತುತ್ತಿದ್ದರು. ಹಿಂಜಿನ ಒಳಗೆ ವೇಗ ತಡೆಯುವ ಡ್ಯಾಂಪರ್ ಎಂಟೇ ತಿಂಗಳಿಗೆ ಸತ್ತಿತು. ಆಮೇಲೆ ದಿನಕ್ಕೆ ಹತ್ತು ಸಲ ಗುಂಡು ಹೊಡೆದಂತೆ ಸದ್ದು.

ಕಂಕನಾಡಿಯಿಂದ

ಚೊಂಬು ಬೀಳಿಸಿದ್ದು ನಿಮ್ಮ ಮೊಮ್ಮಗ, ಒತ್ತಿದ್ದು ನಿಮ್ಮ ಮಾವ. ಸೀಟ್ ಮಾಡಿದ ತಪ್ಪೇನು? 850 ರೂಪಾಯಿಯದು ಕುಳಿತಾಗ ಬಾಗುತ್ತದೆ. ಬಾಗಿದಾಗಲೆಲ್ಲ ಹಿಂಜಿನ ಮೇಲೆ ಎಳೆತ ಬೀಳುತ್ತದೆ, ಬೋಲ್ಟ್ ಸಡಿಲವಾಗುತ್ತದೆ. ಬಿಜೈಯವರ ಅಮ್ಮ ಜಾರಿದ್ದು ಅಂಥದ್ದರಿಂದಲೇ ಇರಬೇಕು.

ಅಂಬಲಪಾಡಿಯಿಂದ

ನಮ್ಮ ಮಾವನವರು ತೀರಿಕೊಂಡು ಆರು ತಿಂಗಳಾಗಿದೆ. ಅವರ ವಿಷಯ ಇಲ್ಲಿ ತೆಗೆಯಬೇಡಿ.

ಕುಲಶೇಖರದಿಂದ

ನಾನು 22 ವರ್ಷದಿಂದ ಪ್ಲಂಬಿಂಗ್ ಕೆಲಸ ಮಾಡುತ್ತಿದ್ದೇನೆ. ಸುರತ್ಕಲ್‌ನವರೇ, ಪಿಂಗಾಣಿಯ ಮೇಲೆ ಪಾನಾ ಹಾಕಿ ಬಿಗಿಯುವವನನ್ನು ಪ್ಲಂಬರ್ ಎಂದು ಕರೆಯಬೇಡಿ. ಕೈಯಲ್ಲಿ ಬಿಗಿಯಾಗುವಷ್ಟು ತಿರುಗಿಸಿ, ಮತ್ತೆ ಕಾಲು ಸುತ್ತು. ರಬ್ಬರ್ ವಾಷರ್ ಇದ್ದರೆ ಅಷ್ಟು ಸಾಕು. ಆದರೆ 500 ಕೊಟ್ಟೆ ಎಂದು ಬರೆದಿದ್ದೀರಲ್ಲ, ಆ ಧ್ವನಿ ನನಗೆ ಹಿಡಿಸಲಿಲ್ಲ. ಲಿಫ್ಟ್ ಇಲ್ಲದ ಮನೆಗೆ ಚೀಲ ಹೊತ್ತು ಮೂರು ಮಹಡಿ ಹತ್ತಬೇಕು. ನೆಲದಲ್ಲಿ ಮಲಗಿ, ಮುಖ ಕಮೋಡ್‌ಗೆ ತಾಗಿಸಿ, ಕಾಣದ ನಟ್ ಹುಡುಕಬೇಕು. ಒಮ್ಮೆ ಹಾಗೆ ಹುಡುಕುವಾಗ ಒಡೆದ ಟೈಲ್ಸ್ ತುದಿ ತಾಗಿ ಅಂಗೈಗೆ ಐದು ಹೊಲಿಗೆ ಬಿದ್ದವು, 12 ದಿನ ಕೆಲಸವಿಲ್ಲ. ಅದರ ಲೆಕ್ಕ ಯಾರೂ ಬರೆದಿಡುವುದಿಲ್ಲ.

ಗೋಡೆಗೆ ಅಂಟಿದಂತೆ ಕಮೋಡ್ ಕೂರುವುದು ಪ್ಲಂಬರ್‌ನ ತಪ್ಪಲ್ಲ. ಕಟ್ಟಡ ಕಟ್ಟುವಾಗ ಪೈಪ್ ಬಿಡುವುದು ಬರೀ ಕಲ್ಲಿನ ಗೋಡೆಯಿಂದ ಅಳೆದು. ಆಮೇಲೆ ಗಾರೆ, ಅದರ ಮೇಲೆ ಟೈಲ್ಸ್. ಎಲ್ಲ ಸೇರಿ ಒಂದೂವರೆ ಇಂಚು ಗೋಡೆ ಮುಂದೆ ಬರುತ್ತದೆ, ಪೈಪ್ ಅಲ್ಲೇ ಇರುತ್ತದೆ. ಕೈಹೋಗುವ ಸಂದಿ ನುಂಗಿಹೋಗುವುದು ಹೀಗೆ. ಇಂಥ ಕಡೆಗೆಂದೇ ಮೇಲಿನಿಂದ ಬಿಗಿಯುವ ಬೋಲ್ಟ್‌ಗಳು ಬರುತ್ತವೆ: ತೂತಿನೊಳಗೆ ರಬ್ಬರಿನ ಬುಷ್ ಇಳಿಸಿ ಮೇಲಿನಿಂದ ತಿರುಪು ಬಿಗಿದರೆ ರಬ್ಬರ್ ಒಳಗೆ ಉಬ್ಬಿ ಕಚ್ಚಿಕೊಳ್ಳುತ್ತದೆ. ಕೆಳಗೆ ಕೈಹಾಕುವ ಅಗತ್ಯವೇ ಇಲ್ಲ.

ಸುರತ್ಕಲ್‌ನಿಂದ

ನಿಮ್ಮ ಕೈಗೆ ಗಾಯವಾದದ್ದಕ್ಕೆ ಬೇಸರವಿದೆ. ಆದರೆ ಬಿರುಕು ಕಂಡ ಮೇಲೂ ‘ಏನೂ ಆಗುವುದಿಲ್ಲ’ ಎಂದು ಹೇಳಿ ಹಣ ಪಡೆದದ್ದು ಸರಿಯೇ? ಎರಡನೆಯ ಸಲ ಕರೆದಾಗ ಫೋನ್ ಎತ್ತಲಿಲ್ಲ. ನಾನು ಕೂಲಿಗೆ ಚೌಕಾಸಿ ಮಾಡಿದವನಲ್ಲ.

ಮಲ್ಪೆಯಿಂದ

ನೀವೆಲ್ಲ ಸೀಟ್ ಬಗ್ಗೆ ಜಗಳಾಡುತ್ತಿದ್ದೀರಿ, ಹಾಳಾಗುವುದು ಬೋಲ್ಟ್. ನಮ್ಮ ಮನೆಗೂ ಕಡಲಿಗೂ ನಡುವೆ ನಾಲ್ಕು ತೆಂಗಿನ ಮರಗಳಷ್ಟೇ. ಆರು ವರ್ಷದಲ್ಲಿ ಐದು ಜತೆ ಬೋಲ್ಟ್ ಬದಲಿಸಿದ್ದೇನೆ. ಮೊದಲನೆಯವು ಕ್ರೋಮ್ ಲೇಪದ ಕಬ್ಬಿಣ, ಒಂದು ಮಳೆಗಾಲಕ್ಕೆ ಮುಗಿದವು. ಆಮೇಲೆ ‘ಸ್ಟೀಲ್’ ಎಂದು ಕೊಟ್ಟದ್ದೂ ಕೆಂಪಾಯಿತು. ಹಡಗಿನ ಸಾಮಾನು ಮಾರುವವರೊಬ್ಬರು ವಿವರಿಸಿದರು: 304 ಎಂಬ ಸ್ಟೀಲ್‌ಗೆ ಉಪ್ಪಿನ ಗಾಳಿ ಆಗದು; 316ರಲ್ಲಿ ಶೇಕಡ 2ರಿಂದ 3ರಷ್ಟು ಮಾಲಿಬ್ಡಿನಂ ಇರುವುದರಿಂದ ಅದು ತಾಳುತ್ತದೆ. 316ರ ಒಂದು ಜತೆ ಬೋಲ್ಟ್‌ಗೆ 380 ರೂಪಾಯಿ ಕೊಟ್ಟೆ. ಅದಕ್ಕೂ ಒಂದೂವರೆ ವರ್ಷದಲ್ಲಿ ಕಲೆ ಬಂತು!

ಕಾರಣ ಆಮೇಲೆ ತಿಳಿಯಿತು. ರಾತ್ರಿ ಟಾಯ್ಲೆಟ್ ಕ್ಲೀನರ್ ಸುರಿದು, ಮುಚ್ಚಳ ಹಾಕಿ, ಬೆಳಗ್ಗೆ ತೊಳೆಯುವುದು ನಮ್ಮ ಮನೆಯ ರೂಢಿ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದರ ಹಬೆ ರಾತ್ರಿಯಿಡೀ ಮುಚ್ಚಳದ ಕೆಳಗೆ ನಿಂತು ಬೋಲ್ಟ್ ತಿನ್ನುತ್ತದೆ, ಯಾವ ಸ್ಟೀಲನ್ನೂ ಬಿಡುವುದಿಲ್ಲ. ಈಗ 60 ರೂಪಾಯಿಯ ನೈಲಾನ್ ಬೋಲ್ಟ್ ಹಾಕಿದ್ದೇನೆ. ತುಕ್ಕು ಹಿಡಿಯುವ ಮಾತೇ ಇಲ್ಲ, ಮುಂದೆ ಕುಯ್ಯಬೇಕಾದರೂ ಎರಡು ನಿಮಿಷ.

ಕಾಪುವಿನಿಂದ

ಇಷ್ಟೆಲ್ಲ ಕಷ್ಟ ಯಾಕೆ ಮಾರಾಯರೇ? ಇಂಡಿಯನ್ ಶೈಲಿಯದನ್ನು ಹಾಕಿಸಿ. ಸೀಟ್ ಇಲ್ಲ, ಬೋಲ್ಟ್ ಇಲ್ಲ. ನಮ್ಮ ಅಜ್ಜಿ 88ರವರೆಗೂ ಅದನ್ನೇ ಬಳಸಿದರು.

ಕಂಕನಾಡಿಯಿಂದ

74 ವರ್ಷದವರು ಜಾರಿ ಬೀಳುವುದರಲ್ಲಿದ್ದರು ಎಂದು ಬರೆದಿದ್ದಾರೆ, ಓದಿದಿರಾ? ನನ್ನ ಹೆಂಡತಿಯ ಎರಡೂ ಮಂಡಿ ಬದಲಾಗಿವೆ. ಕುಕ್ಕರಗಾಲಲ್ಲಿ ಕೂರಲೇಬಾರದೆಂದು ಡಾಕ್ಟರ್ ಕಟ್ಟುನಿಟ್ಟಾಗಿ ಹೇಳಿದ್ದಾರೆ. ನಿಮ್ಮ ಅಜ್ಜಿಯ ಪುಣ್ಯ ಎಲ್ಲರಿಗೂ ಇರುವುದಿಲ್ಲ.

ಕಾಪುವಿನಿಂದ

ಚಿಕ್ಕಂದಿನಿಂದ ಕುಕ್ಕರಗಾಲಲ್ಲಿ ಕೂರುವ ಅಭ್ಯಾಸ ಬಿಟ್ಟದ್ದಕ್ಕೇ ಮಂಡಿಗಳು ಹೀಗಾಗಿರುವುದು ಎಂಬುದು ನನ್ನ ಅಭಿಪ್ರಾಯ.

ಕಂಕನಾಡಿಯಿಂದ

ಅವಳು 31 ವರ್ಷ ಶಾಲೆಯಲ್ಲಿ ನಿಂತೇ ಪಾಠ ಮಾಡಿದವಳು. ನಿಮ್ಮ ಅಭಿಪ್ರಾಯ ನಿಮ್ಮಲ್ಲೇ ಇರಲಿ.

ಮಣಿಪಾಲದಿಂದ

ಬಾಡಿಗೆ ಮನೆಯಲ್ಲಿರುವವರ ಪಾಡು ಯಾರೂ ಹೇಳಲಿಲ್ಲ. ಸೀಟ್ ಮುರಿದಾಗ ಮಾಲೀಕರು ‘ಬಳಸಿದವರು ನೀವು’ ಎಂದರು. ನನ್ನದೇ 1,200 ಕೊಟ್ಟು ಹಾಕಿಸಿದೆ. ಮನೆ ಬಿಡುವಾಗ ಹಳೆಯ ಸೀಟ್ ಎಲ್ಲಿ ಎಂದು ಕೇಳಿ ಮುಂಗಡದಲ್ಲಿ 1,500 ಹಿಡಿದುಕೊಂಡರು. ಕೊಳವೆಬಾವಿಯ ಕಬ್ಬಿಣದ ನೀರಿನಿಂದ ಕಮೋಡ್ ಕೆಂಪಾದದ್ದಕ್ಕೂ 800 ಕಳೆದರು. ಬರುವಾಗ ಆ ನೀರು ತಿಳಿಯಾಗಿಯೇ ಇರುತ್ತದೆ, ಗಾಳಿ ತಾಗಿದ ಮೇಲೆ ಕೆಂಪಾಗುತ್ತದೆ. ಅದಕ್ಕೆ ನಾನೇನು ಮಾಡಲಿ? ಹಳೆಯ ಸೀಟ್ ಎಸೆಯುವ ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ.

ಅಂಬಲಪಾಡಿಯಿಂದ

ಕೆಂಪು ಕಲೆಗೆ ನಿಂಬೆಹುಳಿಯ ಉಪ್ಪು (ಸಿಟ್ರಿಕ್ ಆಮ್ಲದ ಪುಡಿ) ಹಾಕಿ ನೆನೆಸಿಟ್ಟರೆ ಹೋಗುತ್ತದೆ. ಕ್ಲೀನರ್ ಬೇಡ, ಮಲ್ಪೆಯವರು ಹೇಳಿದ್ದು ಸರಿ.

ಬಿಜೈಯಿಂದ

ಎಲ್ಲರ ಉತ್ತರ ಓದಿದೆ. ನಿನ್ನೆ ಬಲಬದಿಯ ನಟ್‌ಗೆ ತುಕ್ಕು ಸಡಿಲಿಸುವ ಡಬ್ಲ್ಯೂಡಿ-40 ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಟ್ಟಿದ್ದೆ, ಬೆಳಗ್ಗೆ ಕೈಯಲ್ಲೇ ತಿರುಗಿ ಬಂತು. ಎಡಬದಿಯದು ಅಲುಗಲಿಲ್ಲ. ಭಾನುವಾರ ಭಾವನೂ ಬರುತ್ತಾನೆ, ಬ್ಲೇಡಿನಿಂದ ಮೇಲಿನಿಂದಲೇ ಕುಯ್ಯುತ್ತೇವೆ. ಅಂತರ ಅಳೆದೆ, ನಮ್ಮದೂ 155. ಅಲ್ಲಿಯವರೆಗೆ ಅಮ್ಮನಿಗೆ ಒಳಗಿನ ಕೋಣೆಯ ಬಾತ್‌ರೂಮ್ ಬಿಟ್ಟುಕೊಟ್ಟಿದ್ದೇವೆ.

ಕುಲಶೇಖರದಿಂದ

ಕುಯ್ಯುವ ಮೊದಲು ಕಮೋಡ್‌ನ ಬಾಯಿಗೆ ದೊಡ್ಡ ಬಟ್ಟೆ ತುರುಕಿ. ಕಳೆದ ತಿಂಗಳು ಒಬ್ಬರ ಮನೆಯಲ್ಲಿ ಬೋಲ್ಟ್ ತುಂಡು ಒಳಗೆ ಬಿದ್ದು ಕಮೋಡ್‌ನೊಳಗಿನ ಬಾಗಿದ ದಾರಿಯಲ್ಲಿ ಕುಳಿತಿತ್ತು. ಅದನ್ನು ತೆಗೆಯಲು ಇಡೀ ಕಮೋಡ್ ಎತ್ತಿದೆ. ಎಡಬದಿಗೆ ರಬ್ಬರ್ ಬುಷ್‌ನ ಬೋಲ್ಟ್ ಕೇಳಿ ತನ್ನಿ, ಬಲಬದಿಗೂ ಅದೇ ಇರಲಿ.