ಮನೆಯಲ್ಲಿ ಆಕ್ಸಿಜನ್ ಕೊಟ್ಟರೆ ಮಗುವಿಗೆ ಅದೇ ಅಭ್ಯಾಸ ಆಗಿಬಿಡುತ್ತದಾ?

ಪ್ರಶ್ನೆ: ಡಾಕ್ಟ್ರೇ, ಮಗಳಿಗೆ 11 ತಿಂಗಳು. 4ನೇ ತಿಂಗಳಿಂದ ಉಸಿರು ಜೋರು, ಪಕ್ಕೆ ಒಳಗೆ ಎಳೆಯುತ್ತದೆ, ಹಾಲು ಕುಡಿಯುವಾಗ ನಾಲ್ಕು ಗುಟುಕಿಗೊಮ್ಮೆ ಬಿಟ್ಟು ಏದುಸಿರು ಬಿಡುತ್ತಾಳೆ. ತೂಕ ಏರುತ್ತಿಲ್ಲ. ಮೊದಲು ನ್ಯುಮೋನಿಯಾ ಅಂದರು, ಆಮೇಲೆ ಆಸ್ತಮಾ. ಈಗ ಸಿಟಿ ಸ್ಕ್ಯಾನ್ ನೋಡಿ ನೇಹಿ (NEHI, ಹಸುಗೂಸುಗಳಿಗೆ ಬರುವ ಅಪರೂಪದ ಶ್ವಾಸಕೋಶದ ಕಾಯಿಲೆ) ಅಂತಿದ್ದಾರೆ. ಎರಡು ತಿಂಗಳು ಸ್ಟಿರಾಯ್ಡ್ ಕೊಟ್ಟರೂ ಏನೂ ಪ್ರಯೋಜನ ಆಗಿಲ್ಲ. ಹೊಸ ಡಾಕ್ಟರು ಅದನ್ನು ಬಿಡಿಸಿ ಆಕ್ಸಿಜನ್ ಹಾಕೋಣ ಅನ್ನುತ್ತಾರೆ. ಅಭ್ಯಾಸ ಆದರೆ ಏನು ಗತಿ ಅಂತ ಮನೆಯಲ್ಲಿ ಎಲ್ಲರಿಗೂ ಭಯ.

ಉತ್ತರ (ಮಕ್ಕಳ ಶ್ವಾಸಕೋಶ ತಜ್ಞೆ): ಖಂಡಿತ ಅಭ್ಯಾಸ ಆಗುವುದಿಲ್ಲ, ಧೈರ್ಯವಾಗಿ ಹಾಕಿ. ನೇಹಿಯಲ್ಲಿ ಪುಟ್ಟ ಶ್ವಾಸನಾಳಗಳಲ್ಲಿ ನ್ಯೂರೋಎಂಡೋಕ್ರೈನ್ ಅನ್ನುವ ಕೋಶಗಳು ಜಾಸ್ತಿ ಇರುತ್ತವೆ. ಉರಿಯೂತ ಅಷ್ಟಾಗಿ ಇರುವುದಿಲ್ಲ, ಹಾಗಾಗಿಯೇ ಸ್ಟಿರಾಯ್ಡ್ ಕೆಲಸ ಮಾಡಿಲ್ಲ. ಆದರೆ ಎರಡು ತಿಂಗಳು ಕೊಟ್ಟಿರುವುದನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ. ದೇಹ ತಾನೇ ಮಾಡಿಕೊಳ್ಳುವ ಸ್ಟಿರಾಯ್ಡ್ ಅಷ್ಟರಲ್ಲಿ ಕಡಿಮೆ ಆಗಿರಬಹುದು, ಡಾಕ್ಟರ್ ಹೇಳಿದಂತೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

ಈ ಕಾಯಿಲೆಗೆ ಆಕ್ಸಿಜನ್ ಮತ್ತು ಊಟವೇ ಔಷಧಿ. ಉಸಿರಾಡುವುದಕ್ಕೇ ಶಕ್ತಿಯೆಲ್ಲ ಖರ್ಚಾದರೆ ತೂಕ ಎಲ್ಲಿಂದ ಬರಬೇಕು ಹೇಳಿ? ಗಂಜಿಗೆ, ಬೇಳೆ ಅನ್ನಕ್ಕೆ ತುಪ್ಪ ಹಾಕಿ, ಸ್ವಲ್ಪ ಸ್ವಲ್ಪ ಹಲವು ಸಲ ತಿನ್ನಿಸಿ. ಫ್ಲೂ ಲಸಿಕೆ ತಪ್ಪಿಸಬೇಡಿ. ಹೆಚ್ಚಿನ ಮಕ್ಕಳು ಬೆಳೆಯುತ್ತಾ ಸುಧಾರಿಸುತ್ತಾರೆ. ಕೆಲವರಿಗೆ ಆಕ್ಸಿಜನ್ ಬಿಡಲು ವರ್ಷಗಳೇ ಹಿಡಿಯುತ್ತವೆ, ಅದಕ್ಕೆ ಎದೆಗುಂದಬೇಡಿ.

ಪ್ರಶ್ನೆ: ನಮಗೆ ಗೊತ್ತಿರುವ ಇನ್ನೊಂದು ಮಗುವಿಗೆ ಪ್ರತಿ ತಿಂಗಳು 3 ದಿನ ಸ್ಟಿರಾಯ್ಡ್ ಡ್ರಿಪ್, ಜೊತೆಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಡುತ್ತಿದ್ದಾರೆ. ನಮಗೆ ಯಾಕಿಲ್ಲ?

ಉತ್ತರ: ಮಕ್ಕಳ ಐಎಲ್‌ಡಿ (ಶ್ವಾಸಕೋಶದ ಅಂಗಾಂಶಕ್ಕೆ ಬರುವ ಕಾಯಿಲೆಗಳ ಗುಂಪು) ಅಂದರೆ ಒಂದೇ ಕಾಯಿಲೆ ಅಲ್ಲ, ನೇಹಿ ಅದರಲ್ಲಿ ಒಂದು. ಎಬಿಸಿಎ3 ತರಹದ ಜೀನ್ ದೋಷ ಇದ್ದರೆ ಶ್ವಾಸಕೋಶದ ಗಾಳಿಚೀಲಗಳನ್ನು ತೆರೆದಿಡುವ ಸರ್ಫ್ಯಾಕ್ಟಂಟ್ ಸರಿಯಾಗಿ ತಯಾರಾಗುವುದಿಲ್ಲ. ಅಂಥ ಮಕ್ಕಳಿಗೆ ಆ ಔಷಧಿಗಳನ್ನು ಪ್ರಯತ್ನಿಸಿ ನೋಡುತ್ತೇವೆ, ಹೈಡ್ರಾಕ್ಸಿಕ್ಲೋರೋಕ್ವಿನ್ ಕಣ್ಣಿಗೆ ತೊಂದರೆ ಮಾಡಬಹುದು ಅಂತ ಕಣ್ಣಿನ ತಪಾಸಣೆಯನ್ನೂ ಮಾಡಿಸುತ್ತೇವೆ. ಅಲ್ಲೂ ಎಲ್ಲರಿಗೂ ಗುಣ ಕಾಣುವುದಿಲ್ಲ. ಬೇರೆ ಮಗುವಿನ ಚೀಟಿ ನೋಡಿ ಔಷಧಿ ಕೇಳಬೇಡಿ, ದಯವಿಟ್ಟು. ನಿಮ್ಮ ಸ್ಕ್ಯಾನ್‌ನಲ್ಲಿ ಬಲಗಡೆ ಮಧ್ಯದ ಹಾಲೆ, ಎಡಗಡೆ ಲಿಂಗ್ಯುಲಾ (ಮೇಲಿನ ಹಾಲೆಯ ಕೆಳಭಾಗ) ಮಬ್ಬಾಗಿದೆ ಅಂತ ಬರೆದಿದೆಯಾ?

ಪ್ರಶ್ನೆ: ಹೌದು, ಅದೇ ಬರೆದಿದೆ.

ಉತ್ತರ: ಹಾಗಾದರೆ ನೇಹಿಗೆ ಸರಿಯಾಗಿ ಹೊಂದುತ್ತದೆ, ಬಯಾಪ್ಸಿ ಬೇಕಾಗುವುದು ಅಪರೂಪ. ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರ) ತಂದರೆ ಕರೆಂಟ್ ಹೋದಾಗಿನ ಸಲುವಾಗಿ ಒಂದು ಸಣ್ಣ ಸಿಲಿಂಡರ್ ಇಟ್ಟುಕೊಳ್ಳಿ. ದೇವರ ದೀಪ, ಗ್ಯಾಸ್ ಒಲೆ ಎರಡರಿಂದಲೂ ಟ್ಯೂಬ್ ದೂರ ಇರಲಿ. ಮೂಗು ಒಣಗಿತು ಅಂತ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಬೇಡಿ, ನೀರಿನ ಜೆಲ್ ಸಾಕು. ತುಟಿ ನೀಲಿಯಾದರೆ ಅಥವಾ ಹಾಲು ಪೂರ್ತಿ ಬಿಟ್ಟರೆ ಇಲ್ಲಿ ಬರೆದು ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.